ಅಂತಿಮ ಆದೇಶದವರೆಗೆ

ವಿದ್ಯುತ್ ದರ ಆಯೋಗದಲ್ಲಿ ಆಕೆಗೆ ಹತ್ತೊಂಬತ್ತು ವರ್ಷದ ಸೇವೆ. ಕಂಪನಿ ದರ ಏರಿಸಬೇಕೆಂದು ಅರ್ಜಿ ಹಾಕಿದರೆ ವಿಚಾರಣೆ ಮುಗಿಯಲು ಎಂಟೊಂಬತ್ತು ತಿಂಗಳು ಹಿಡಿಯುತ್ತದೆ. ಅಲ್ಲಿಯತನಕ ಎಷ್ಟು ವಸೂಲಿ ಮಾಡಬಹುದು ಎಂಬ ತಾತ್ಕಾಲಿಕ ಆದೇಶದ ಕರಡು ಬರೆಯುವುದು ಆಕೆಯ ಕೆಲಸ. ಈ ಸಲ ಕಂಪನಿ ಕೇಳಿದ್ದರಲ್ಲಿ ಅರ್ಧಕ್ಕೆ ಒಪ್ಪಿಗೆ ಸಿಕ್ಕಿತ್ತು. ಅಂತಿಮ ದರ ಇದಕ್ಕಿಂತ ಕಡಿಮೆಯಾದರೆ ಹೆಚ್ಚಿಗೆ ಪಡೆದದ್ದನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂಬ ಷರತ್ತನ್ನೂ ಆಕೆ ಸೇರಿಸಿದ್ದಳು.

ಮೊದಲ ಕರಡಿನಲ್ಲಿ ಇನ್ನೊಂದು ಸಾಲಿತ್ತು: ಮನೆಯಲ್ಲೇ ಉಸಿರಾಟದ ಯಂತ್ರ ಬಳಸುವ ರೋಗಿಗಳಿಗೆ ಹಳೆಯ ದರವೇ ಇರಲಿ ಎಂದು. ಬರೆಯುವಾಗ ಆಕೆಯ ಕಣ್ಣ ಮುಂದೆ ಅಕ್ಕನ ಗಂಡ, ಭಾವ ಇದ್ದರು. ಶ್ವಾಸಕೋಶ ಕೆಟ್ಟು ಎರಡು ವರ್ಷದಿಂದ ಅವರು ಆಮ್ಲಜನಕದ ಯಂತ್ರದ ಮೇಲೆಯೇ ಬದುಕುತ್ತಿದ್ದರು. ಆದರೆ ಅಂಥ ಮನೆಗಳೆಷ್ಟು ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ತನ್ನವರಿಗಾಗಿಯೇ ಬರೆದಳು ಎಂದು ನಾಳೆ ಯಾರಾದರೂ ಬೆರಳು ತೋರಿಸಿದರೆ ಎಂಬ ಅಳುಕು ಬೇರೆ. ಅಂತಿಮ ಆದೇಶದಲ್ಲಿ ನೋಡಿಕೊಂಡರಾಯಿತು ಎಂದು ಆ ಸಾಲನ್ನು ತಾನೇ ಹೊಡೆದುಹಾಕಿದಳು.

ಹೊಸ ದರ ಬಂದ ಮೂರನೇ ತಿಂಗಳು, ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಯಂತ್ರದ ಸದ್ದೇ ಇರಲಿಲ್ಲ. ಭಾವ ದಿಂಬಿಗೆ ಒರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಯಂತ್ರಕ್ಕೂ ಭಾನುವಾರದ ರಜೆ ಕೊಟ್ಟಿದ್ದೇವೆ ಎಂದು ತಡೆತಡೆದು ನಕ್ಕರು. ಆಕೆ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದಳು, ಕೊಳವೆಯನ್ನು ಅವರ ಮೂಗಿಗೆ ಸರಿಪಡಿಸಿದಳು.

ಅಡುಗೆಮನೆಯಲ್ಲಿ ಅಕ್ಕ ತಟ್ಟೆ ತೊಳೆಯುತ್ತಿದ್ದಳು. ದಿನಕ್ಕೆ ನಾಲ್ಕು ಗಂಟೆ ನಿಲ್ಲಿಸುತ್ತೇನೆ, ಅಲುಗಾಡದೆ ಕೂತಿದ್ದರೆ ಅವರಿಗೇನೂ ಆಗುವುದಿಲ್ಲ, ಇಲ್ಲದಿದ್ದರೆ ಬಿಲ್ ಕೈಗೆ ಎಟುಕುವುದಿಲ್ಲ ಎಂದಳು.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ದುಡ್ಡು ಕೊಡ್ತೀಯ. ಅದಕ್ಕೇ ಹೇಳಲಿಲ್ಲ."

ಬಾಯಿ ಮುಚ್ಚಿಕೊಂಡು ಬರಬಹುದಿತ್ತು. ಆದರೆ ಆಗಲಿಲ್ಲ. ಆ ಸಾಲಿನ ವಿಷಯ, ಅದನ್ನು ಹೊಡೆದುಹಾಕಿದ ಕಾರಣ ಎಲ್ಲವನ್ನೂ ತಂಗಿ ಹೇಳಿಬಿಟ್ಟಳು. ಅಕ್ಕ ನಲ್ಲಿ ನಿಲ್ಲಿಸಿದಳು.

"ಅಂದ್ರೆ ನಮ್ಮ ನೆನಪು ಬಂದಿದ್ದಕ್ಕೇ ಅದನ್ನ ಹೊಡೆದುಹಾಕಿದೆ."



ಮರುದಿನ ತಂಗಿ ಆಯೋಗದ ಅಧ್ಯಕ್ಷರಿಗೆ ಟಿಪ್ಪಣಿ ಬರೆದಳು. ಭಾವನ ಕಾಯಿಲೆಯನ್ನೂ, ಸಾಲು ತೆಗೆದದ್ದು ತಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ತಾತ್ಕಾಲಿಕ ಆದೇಶವನ್ನು ತಿದ್ದಬೇಕು, ಕಡತ ಬೇರೆಯವರ ಕೈಗೆ ಹೋಗಬೇಕು ಎಂದು ಕೇಳಿಕೊಂಡಳು. ಅಧ್ಯಕ್ಷರು ಎರಡು ಸಲ ಓದಿ, ಇದು ನಿಮ್ಮ ಬಡ್ತಿಗೆ ಅಡ್ಡ ಬರಬಹುದು ಎಂದಷ್ಟೇ ಹೇಳಿದರು. ಪಕ್ಕದ ಮೇಜಿನ ಸಹೋದ್ಯೋಗಿ ಕಡತ ತೆಗೆದುಕೊಂಡರು. ಇಪ್ಪತ್ನಾಲ್ಕನೇ ದಿನ ತಿದ್ದುಪಡಿ ಹೊರಬಿತ್ತು: ವೈದ್ಯರ ಪತ್ರದೊಡನೆ ಅರ್ಜಿ ಕೊಟ್ಟವರಿಗೆ ಹಳೆಯ ದರ.

ಅಕ್ಕ ಅರ್ಜಿ ಕೊಟ್ಟಳು. ಯಂತ್ರ ಮತ್ತೆ ಪೂರ್ತಿ ಹೊತ್ತು ಓಡತೊಡಗಿತು. ಭಾವನ ತುಟಿಗೆ ಬಣ್ಣ ಬಂತು. ಆದರೆ ಆ ದಿನಗಳಲ್ಲಿ ಬಂದಿದ್ದ ಕಾಲಿನ ಊತ ಇಳಿಯಲೇ ಇಲ್ಲ. ಹೃದಯಕ್ಕೆ ಆಯಾಸವಾಗಿದೆ ಎಂದರು ವೈದ್ಯರು. ಯಂತ್ರ ನಿಂತ ಆ ಗಂಟೆಗಳಿಂದಲೇ ಹೀಗಾಯಿತೋ, ಕಾಯಿಲೆಯೇ ಹಾಗೋ, ಯಾರೂ ಖಚಿತವಾಗಿ ಹೇಳಲಿಲ್ಲ.

ಮೊದಲ ತಿಂಗಳು ಬಂದದ್ದು ಮೂವತ್ತೇಳೇ ಅರ್ಜಿ. ಅಂಥ ಮನೆಗಳು ಎರಡು ಸಾವಿರಕ್ಕೆ ಕಡಿಮೆಯಿರಲಾರವು ಎಂದು ಸಹೋದ್ಯೋಗಿ ಅಂದಾಜು ಹೇಳಿದರು. ಆಕೆ ಆ ವಾರದಿಂದ ಕಚೇರಿ ಬಿಟ್ಟ ಮೇಲೆ ಆಸ್ಪತ್ರೆಗಳ ಎದೆರೋಗ ವಿಭಾಗದ ಬಾಗಿಲಲ್ಲಿ ಅರ್ಜಿ ನಮೂನೆ ಹಿಡಿದು ನಿಲ್ಲತೊಡಗಿದಳು. ಅಕ್ಕ ಈಗಲೂ ಕಾಫಿ ಕೊಡುತ್ತಾಳೆ, ಕುಶಲ ಕೇಳುತ್ತಾಳೆ. ಮತ್ತೆ ಯಾವಾಗ ಬರುತ್ತೀ ಎಂದು ಮಾತ್ರ ಕೇಳುವುದಿಲ್ಲ.