ಉಪ್ಪಿನ ಮೈದಾನದ ಮಣ್ಣು

ಆ ಶುಕ್ರವಾರ ಬೆಳಿಗ್ಗೆ ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಕಡಲ ಕಡೆಯಿಂದ ಬಂದ ಬೆಚ್ಚನೆಯ ತೇವ ಬೀದಿಯ ಮೇಲೆ ಕೂತುಬಿಟ್ಟಿತ್ತು. ಒಳಗೆ ಏಸಿ ಓಡುತ್ತಿದ್ದುದರಿಂದ ಕಿಟಕಿಯ ಗಾಜು ಹೊರಮೈಯಲ್ಲಿ ಬೆವರುತ್ತಿತ್ತು. ಲೀಲಾವತಿಯವರು ಹಿಂಬಾಗಿಲ ಬಳಿ ತುಳಸಿಗೆ ನೀರೆರೆದು ಕೈಮುಗಿಯುವಷ್ಟರಲ್ಲಿ ಸೆರಗು ಕುತ್ತಿಗೆಗೆ ಅಂಟಿಕೊಂಡಿತು.

"ದೊನಾ ಲೀಲಾ, ಕಾಫಿ ಸಿಗುತ್ತಾ?" ಬೇಲಿಯಾಚೆಯಿಂದ ಅರ್ಮಿಂದೊ ಕೂಗಿದರು.

ಹೂಸ್ಟನ್ ಬಂದರಿನಲ್ಲಿ ಹಡಗುಗಳಿಗೆ ಬೆಸುಗೆ ಹಾಕಿ ಹಾಕಿ ಬೆನ್ನು ಬಾಗಿದ ಪೋರ್ಚುಗೀಸ್ ಮುದುಕ ಅವರು; ‘ದೊನಾ’ ಅಂದರೆ ಅವರ ಮಾತಿನಲ್ಲಿ ‘ಅಮ್ಮಾವ್ರು’. ಜನವರಿಯ ಚಳಿಗೆ ಮನೆಯ ಪೈಪು ಒಡೆದು ನೀರು ತುಂಬಿದಾಗ ಮೂರು ಗಂಟೆ ದಾರಿಯ ಜಾರ್ಜ್‌ಟೌನಿನ ಮಗಳ ಮನೆಯಲ್ಲಿದ್ದರು. ರಿಪೇರಿ ಮುಗಿಯುವವರೆಗೆ ಅಲ್ಲೇ ಉಳಿದು, ನಿನ್ನೆಯಷ್ಟೇ ಮರಳಿದ್ದರು. ಅವರ ಇಂಗ್ಲಿಷೂ ಮುರುಕು, ಲೀಲಾವತಿಯವರ ಇಂಗ್ಲಿಷೂ ಮುರುಕು. ಅದಕ್ಕೇ ಏನೋ, ಒಬ್ಬರ ಮಾತು ಇನ್ನೊಬ್ಬರಿಗೆ ಪೂರಾ ತಿಳಿಯುತ್ತಿತ್ತು.

ಅಡುಗೆಮನೆಯ ಮೇಜಿನ ಮುಂದೆ ಲೀಲಾವತಿಯವರ ಗಂಡ ಡಾಕ್ಟರ್ ಸತ್ಯಪ್ರಕಾಶರು ಸಪ್ಪೆ ಅವಲಕ್ಕಿಯನ್ನು ಚಮಚದಿಂದ ಕೆದಕುತ್ತಿದ್ದರು. ಜನ್ಮವೆಲ್ಲ ಮಂದಿಯ ಎದೆ ಕೊಯ್ದವರು. ಫೆಬ್ರವರಿಯಲ್ಲಿ ಅವರ ಎದೆಯನ್ನೇ ಕೊಯ್ಯಬೇಕಾಗಿ ಬಂದಿತ್ತು.

"ನಿಮಗೂ ಉಪ್ಪು ಬಂದ್ ಮಾಡಿದ್ದಾರಾ?" ಒಳಗೆ ಬಂದು ಕೂತ ಅರ್ಮಿಂದೊ ನಕ್ಕರು. "ಪಾಪ. ನಾನು ಹುಟ್ಟಿದ್ದೇ ಉಪ್ಪಿನ ಮೇಲೆ." ಕಾಫಿ ಗುಟುಕರಿಸಿ, "ಇವತ್ತು ಹುಟ್ಟೂರಿಗೆ ಹೊರಟೆ. ಮಧ್ಯಾಹ್ನ ಮಗಳು ಕಾರು ತರ್ತಾಳೆ. ಒಂದು ಮಾತು ಕೇಳಬೇಕಿತ್ತು ದೊನಾ. ನಮ್ಮ ಮನೇಲಿ ದೇವಮಾತೆಯ ಮೂರ್ತಿಯ ಪಕ್ಕ ಒಂದು ಮಡಕೆ ಇತ್ತು, ಮಣ್ಣು ತುಂಬಿದ್ದು. ಕಂಡಿರಾ?"

ಲೀಲಾವತಿಯವರ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು.

"ಹೋಗಲಿ ಬಿಡಿ," ಅರ್ಮಿಂದೊ ಅವರೇ ಅಂದರು. "ನೀರು ಬಳಿಯಲು ಬಂದವರು ಎಸೆದಿರ್ತಾರೆ. ಅವರಿಗೇನು ಗೊತ್ತು?"

"ಮಣ್ಣಿನಲ್ಲಿ ಅಂಥಾದ್ದೇನಿತ್ತು?" ಸತ್ಯಪ್ರಕಾಶರು ಕೇಳಿದರು.

"ಅದು ನಮ್ಮ ಫುಟ್‌ಬಾಲ್ ಕ್ಲಬ್ಬು, ಡಾಕ್ಟರೇ."

ಮುದುಕ ಲೋಟ ಕೆಳಗಿಟ್ಟು ಹೇಳತೊಡಗಿದರು. ಅವರ ಊರು ನದಿ ಕಡಲಿಗೆ ಸೇರುವ ಬಾಯಲ್ಲಿ. ಊರಿಗೂರೇ ಉಪ್ಪಿನ ಗದ್ದೆಗಳಲ್ಲಿ ದುಡಿಯುವ ಕೂಲಿಗಳು. ಅವರ ಅಜ್ಜನ ಕಾಲದಲ್ಲಿ ಕೂಲಿಗಳೆಲ್ಲ ಸೇರಿ ಕ್ಲಬ್ಬು ಕಟ್ಟಿದರು. ಸಿಕ್ಕಿದ ಜಾಗ ಯಾರಿಗೂ ಬೇಡವಾದ ಒಂದು ಹಾಳು ಗದ್ದೆ. ನೆಲ ಬೆಳ್ಳಗೆ, ಒಂದು ಗರಿಕೆಯೂ ಹುಟ್ಟುತ್ತಿರಲಿಲ್ಲ. ಬಿದ್ದರೆ ಮೊಣಕಾಲಿನ ಗಾಯಕ್ಕೆ ಉಪ್ಪು.

"ನಾವು ಗೆದ್ದದ್ದು ಕಡಿಮೆ. ಆದರೆ ಊರಲ್ಲಿ ಆಡಿದಾಗ ಸೋತದ್ದೂ ಕಡಿಮೆ. ಬಂದವರು ಬೀಳೋಕೆ ಹೆದರ್ತಿದ್ದರು, ನಮಗೆ ರೂಢಿ!"

ಆಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರಂತೆ. ಕ್ಲಬ್ಬಿಗೆ ಸೇರುವವರು ಹಣ ಕೊಡಬೇಕಾಗಿಲ್ಲ. ನದಿಯ ಮೇಲ್ದಂಡೆಯಿಂದ ಒಂದು ಬುಟ್ಟಿ ಸಿಹಿಮಣ್ಣು ಹೊತ್ತು ತಂದು ಮೈದಾನಕ್ಕೆ ಸುರಿದರೆ ಸಾಕು. ಮದುವೆಯಾದರೆ ಒಂದು ಬುಟ್ಟಿ, ಮಗು ಹುಟ್ಟಿದರೆ ಒಂದು ಬುಟ್ಟಿ. ಅರ್ಮಿಂದೊ ಹುಟ್ಟಿದಾಗ ಅಪ್ಪನಿಗೆ ಜ್ವರ. ಬಾಣಂತಿ ತಾಯಿಯೇ ಬುಟ್ಟಿ ಹೊತ್ತಳು. ಹಾಗೆ ಉಪ್ಪಿನ ಮೇಲೆ ಹಸಿರು ಬಂತು. ಒಂದು ವರ್ಷ ರಾಜಧಾನಿಯ ದೊಡ್ಡ ತಂಡವನ್ನು ಅದೇ ಹುಲ್ಲಿನ ಮೇಲೆ ಸೋಲಿಸಿದರು. ಪಾದ್ರಿಯೇ ಓಡಿಹೋಗಿ ಇಗರ್ಜಿಯ ಗಂಟೆ ಬಾರಿಸಿದ. ಮುಂದೆ ಉಪ್ಪಿನ ಬೆಲೆ ಬಿತ್ತು, ಕ್ಲಬ್ಬು ಮುಳುಗಿತು, ಮೈದಾನದ ಮೇಲೆ ಹೋಟೆಲು ಎದ್ದಿತು. ಕೊನೆಯ ದಿನ ಪ್ರತಿ ಮನೆಯವರೂ ಒಂದೊಂದು ಮಡಕೆ ಮಣ್ಣು ತುಂಬಿಕೊಂಡು ಹೊರಟರು. ಒಬ್ಬ ಕೆನಡಾಕ್ಕೆ, ಒಬ್ಬ ಬ್ರೆಜಿಲ್ಲಿಗೆ, ಇವರು ಇಲ್ಲಿಗೆ.

"ಈಗ ಮೊಮ್ಮಕ್ಕಳು ಕ್ಲಬ್ಬನ್ನ ಮತ್ತೆ ಎಬ್ಬಿಸಿದ್ದಾರೆ. ಊರಾಚೆ ಹೊಸ ಮೈದಾನ. ಭಾನುವಾರ ಒಂದೊಂದೇ ಮನೆತನದಲ್ಲಿ ಮಣ್ಣು ಹೊತ್ತವರ ಹೆಸರು ಕರೀತಾರೆ, ಅವರವರ ಮಣ್ಣು ಅವರವರು ಸುರೀಬೇಕು." ಅರ್ಮಿಂದೊ ತಮ್ಮ ಎರಡೂ ಬರಿ ಅಂಗೈ ತಿರುಗಿಸಿ ತೋರಿಸಿದರು. "ಅಮ್ಮನ ಹೆಸರು ಕರೆದಾಗ ನಾನು ಹೀಗೆ ನಿಲ್ಲಬೇಕು."

ಅವರು ಪೆಟ್ಟಿಗೆ ಕಟ್ಟಲು ಎದ್ದುಹೋದರು. ಲೀಲಾವತಿಯವರು ಅವರನ್ನು ತಡೆಯಲಿಲ್ಲ.

ಜನವರಿಯಲ್ಲಿ, ಕೀಲಿ ತಮ್ಮ ಬಳಿ ಇತ್ತೆಂದು, ಆ ಮನೆಯ ಬಾಗಿಲು ಮೊದಲು ತೆರೆದವರು ಲೀಲಾವತಿಯವರೇ. ಗೋಡೆಯ ಹಲಗೆ ಕುಸಿದಿತ್ತು. ದೇವಮಾತೆ ನೀರಲ್ಲಿ ಮಗ್ಗುಲಾಗಿ ಮಲಗಿದ್ದಳು. ಪಕ್ಕದಲ್ಲಿ ಒಡೆದ ಮಡಕೆ, ಕೆಂಪು ಮಣ್ಣು. ಯಾರ ದೇವರಾದರೇನು, ದೇವರ ಮುಂದಿನ ಮಣ್ಣು ಕಾಲಡಿಗೆ ಬರಬಾರದು, ಕಸದ ಡಬ್ಬಿಗೂ ಬೀಳಬಾರದು. ನಿರ್ಮಾಲ್ಯ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗಲಿ ಎಂದು, ದೇವಮಾತೆಯನ್ನು ಒರೆಸಿ ಎತ್ತರದಲ್ಲಿಟ್ಟು, ಮಣ್ಣನ್ನು ಬಳಿದು ತಂದು ತುಳಸಿಯ ಕುಂಡಕ್ಕೆ ಹಾಕಿದ್ದರು. ಪ್ರತಿ ವರ್ಷದಂತೆ ಈ ಸಲವೂ ತುಳಸಿ ಚಳಿಗೆ ಸತ್ತು ಕಡ್ಡಿಯಾಗಿತ್ತು. ಸತ್ಯಪ್ರಕಾಶರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ದಿನ, ಆ ಕೆಂಪು ಮಣ್ಣಿನಲ್ಲಿ, ಉದುರಿದ ಬೀಜದಿಂದ ಎರಡೆಲೆ ಮೂಡಿದ್ದವು. ಇದು ಇರುವವರೆಗೆ ಅವರು ಇರುತ್ತಾರೆ ಎಂದು ಲೀಲಾವತಿಯವರು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ಈಗ ಅದು ಮೊಣಕಾಲುದ್ದ ಬೆಳೆದಿತ್ತು.

"ಆ ಮಣ್ಣು ನನ್ನ ಹತ್ರ ಅದ ರೀ," ಲೀಲಾವತಿಯವರು ಗಂಡನಿಗೆ ಅಂದರು. "ತುಳಸಿ ಬುಡಕ್ಕ."

ಸತ್ಯಪ್ರಕಾಶರು ಚಮಚ ಇಟ್ಟು ಹೆಂಡತಿಯ ಮುಖ ನೋಡಿದರು. ಆಮೇಲೆ ನಕ್ಕರು. "ಅದಕ್ಯಾಕ ಇಷ್ಟು ಸಣ್ಣ ಮಾರಿ? ಹಿತ್ತಲದಾಗ ಬೇಕಾದಷ್ಟು ಮಣ್ಣದ. ಒಂದು ಡಬ್ಬಿ ತುಂಬಿ ಕೊಡು. ಮಣ್ಣೇನು ಪಾಸ್‌ಪೋರ್ಟ್ ಇಟಗೊಂಡು ಓಡಾಡ್ತದೇನು?"

"ಇಲ್ಲಿ ಮಠಕ್ಕ ಮಂತ್ರಾಲಯದಿಂದ ಮೃತ್ತಿಕಾ ತಂದ್ರಲ್ಲ, ಆವಾಗ ದಾರ್ಯಾಗ ಯಾವುದೋ ಹೊಲದ ಮಣ್ಣು ತುಂಬಿಕೊಂಡು ಬಂದಿದ್ರ ನೀವು ಕೈ ಮುಗೀತಿದ್ರೇನು?"

"ಅದು ಬ್ಯಾರೆ."

"ಹೆಂಗ ಬ್ಯಾರೆ? ಬಾಣಂತಿ ಹೊತ್ತು ತಂದದ್ದದು."

ಲೀಲಾವತಿಯವರು ದೇವರ ಕೋಣೆಗೆ ಹೋಗಿ ಬಹಳ ಹೊತ್ತು ಕೂತರು. ದೀಪದ ಬತ್ತಿ ಎರಡು ಸಲ ಮುಂದಕ್ಕೆ ತಳ್ಳಿದರು. ಮಾಡಬೇಕಾದ್ದೇನೆಂದು ಅವರಿಗೆ ಗೊತ್ತೇ ಇತ್ತು. ಎದ್ದುಬಂದು, ಕಪಾಟಿನಿಂದ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು, ಒರೆಸಿ, ಹಿಂಬಾಗಿಲಿಗೆ ನಡೆದರು.

ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಹಿಂದಿನಿಂದ ಗಂಡನ ದನಿ ಬಂತು.

"ಲೀಲಾ, ಇವತ್ತು ಶುಕ್ರವಾರ."

ತುಳಸಿಯ ಎಲೆಯನ್ನೂ ಕೀಳಬಾರದ ದಿನ. ಮಡಿ-ಮೈಲಿಗೆಗೆ ಹಾಸ್ಯ ಮಾಡುತ್ತಲೇ ಮುದುಕರಾದವರ ಬಾಯಲ್ಲಿ ಆ ಮಾತು ಕೇಳಿ ಲೀಲಾವತಿಯವರು ತಿರುಗಿ ನೋಡಿದರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಸತ್ಯಪ್ರಕಾಶರ ಅಂಗೈ ಅಂಗಿಯ ಗುಂಡಿಗಳ ಮೇಲೆ, ಹೊಲಿಗೆಯ ಗುರುತಿನ ಮೇಲೆ ಇತ್ತು.

"ನಿಮಗ ಗೊತ್ತಿತ್ತೇನು?" ಲೀಲಾವತಿಯವರು ಮೆಲ್ಲಗೆ ಕೇಳಿದರು.

"ದಿನಾ ಮುಂಜಾನೆ ಮೊದಲು ಅದನ್ನ ನೋಡಿ, ಆಮ್ಯಾಲೆ ನನ್ನ ಮಾರಿ ನೋಡ್ತಿ. ಡಾಕ್ಟರ್ ಇದ್ದೀನಲ್ಲ, ಅಷ್ಟು ತಿಳೀತದ." ಒಂದು ಕ್ಷಣ ಬಿಟ್ಟು, "ನಾನೂ ಮೊದಲು ಅದನ್ನ ನೋಡ್ತೀನಿ," ಎಂದರು.

ಬೇಲಿಯಾಚೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು; ಜಾರ್ಜ್‌ಟೌನಿನ ಮಗಳು ಬಂದಿದ್ದಳು.

ಸತ್ಯಪ್ರಕಾಶರು ಒಳಗೆ ಹೋಗಿ ತಾಮ್ರದ ಚೊಂಬಿನಲ್ಲಿ ನೀರು ತಂದರು. ನಿಧಾನವಾಗಿ ಮೊಣಕಾಲೂರಿ ಹೆಂಡತಿಯ ಎದುರು ಕೂತರು. ಲೀಲಾವತಿಯವರು "ತಾಯಿ, ತಪ್ಪಾತು" ಎಂದು ಗಿಡದ ಸುತ್ತ ಬೆರಳು ಇಳಿಸಿ ಮಣ್ಣು ಸಡಿಲ ಮಾಡಿದರು. ಶಸ್ತ್ರ ಹಿಡಿದು ಪಳಗಿದ್ದ ಕೈಗಳು ಕಾಂಡವನ್ನು ಅಲುಗದಂತೆ ಎತ್ತಿ ಹಿಡಿದವು. ಕುಂಡದ ಅಡಿಯಲ್ಲಿದ್ದ ಅಂಗಡಿಯ ಕಪ್ಪು ಮಣ್ಣು ಅಲ್ಲೇ ಉಳಿಯಿತು. ಮೇಲಿನ ಕೆಂಪು ಮಣ್ಣನ್ನು ಬೇರಿನಿಂದ ಹಗುರವಾಗಿ ಉದುರಿಸಿ, ಹಿಡಿಹಿಡಿಯಾಗಿ ಡಬ್ಬಿಗೆ ತುಂಬಿದರು. ಬರಿಬೇರಿನ ತುಳಸಿಯನ್ನು ಸತ್ಯಪ್ರಕಾಶರು ಚೊಂಬಿನಲ್ಲಿ ನಿಲ್ಲಿಸಿದರು. ಅದರ ತಲೆ ಆಗಲೇ ಒಂದು ಕಡೆಗೆ ವಾಲಿತ್ತು.

"ನಾಳೆ ಕಪ್ಪು ಮಣ್ಣಾಗ ಹಚ್ಚೋಣ," ಅಂದರು.

"ಬಂದ್ರ ಬರ್ತದ," ಎಂದರು ಲೀಲಾವತಿಯವರು.

ಅರ್ಮಿಂದೊ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದರು. ಲೀಲಾವತಿಯವರು ತೆರೆದ ಕಿಟಕಿಯ ಮುಂದೆ ನಿಂತು, ಏನನ್ನೂ ವಿವರಿಸದೆ, ಡಬ್ಬಿಯನ್ನು ಚಾಚಿದರು. ಉಗುರುಗಳ ಸಂದಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಮುದುಕ ಮುಚ್ಚಳ ತೆಗೆದರು. ಬೆರಳಿಂದ ಮಣ್ಣನ್ನು ಸರಿಸಿ ನೋಡಿದರು. ಅಲ್ಲಲ್ಲಿ ಕೂದಲಿನಷ್ಟು ತೆಳ್ಳಗಿನ ಬಿಳಿಯ ಬೇರುಗಳು ಸಿಕ್ಕಿಕೊಂಡಿದ್ದವು. ಒಂದನ್ನು ಹೆಕ್ಕಲು ಹೋದವರು ಲೀಲಾವತಿಯವರ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ತಲೆಯ ಮೇಲಿನ ಟೋಪಿ ತೆಗೆದು ಮಡಿಲಲ್ಲಿಟ್ಟು, ಅದರೊಳಗೆ ಡಬ್ಬಿಯನ್ನು ಕೂರಿಸಿ, ಎರಡೂ ಕೈಯಿಂದ ಹಿಡಿದುಕೊಂಡರು.