ನಡುವಿನ ಜೊಂಡು

"ಎಲ್ಲಿ ಅದಾವ್ರೀ ಹಕ್ಕಿ?" ದುರ್ಬೀನನ್ನು ಕಣ್ಣಿನಿಂದ ತೆಗೆಯದೆ ಅಧಿಕಾರಿ ಮೇಡಮ್ ಕೇಳಿದರು.

ಕೆರೆಯ ಏರಿಯ ಮೇಲೆ ವಿದ್ಯಾನಗರದಿಂದ ಬಂದ ಶಾಲೆಯ ಮಕ್ಕಳು ರಟ್ಟಿನ ಕೊಕ್ಕು ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಬೆನ್ನ ಹಿಂದೆ ಬ್ಯಾನರು: 'ವಲಸೆ ಹಕ್ಕಿಗಳಿಗೆ ಸುಸ್ವಾಗತ'. ಎದುರಿಗೆ ಬೆಂಗೇರಿಯಾಚೆಯ ಕೆರೆ, ಬರೀ ನೀರು.

ಎಲ್ಲರ ಹಿಂದೆ ನಿಂತ ಗೌಸಮೊದ್ದೀನ ಅಂಗೈ ನೋಡಿಕೊಂಡ. ಜೊಂಡು ಗೀರಿದ ಗಾಯಗಳು ಇನ್ನೂ ಮಾದಿರಲಿಲ್ಲ.

ಏಳನೇ ತರಗತಿಗೇ ಶಾಲೆ ಬಿಟ್ಟು ಕುಡುಗೋಲು ಹಿಡಿದವನು ಅವನು. ಅಪ್ಪ ಫಕ್ರುಸಾಬ ಕಲಿಸಿದ್ದು ಒಂದೇ ಕಾಯಿದೆ. ಚಾಪೆಯ ಜೊಂಡನ್ನು ದಂಡೆಯಲ್ಲಷ್ಟೇ ಕೊಯ್ಯಬೇಕು; ಹೋಳಿಹುಣ್ಣಿಮೆ ಕಳೆಯುವ ತನಕ ಕೆರೆಯ ನಡುವಿನದಕ್ಕೆ ಕೈ ಹಚ್ಚಬಾರದು. ಹಿಮಾಲಯ ದಾಟಿ ಬಂದ ಬಾತುಗಳು ಹಗಲೆಲ್ಲ ಅದರೊಳಗೇ ಅಡಗಿ ದಣಿವಾರಿಸಿಕೊಳ್ಳುತ್ತವೆ. "ಬೀಗರು ಮಲಗಿದ್ದಾಗ ಚಾಪಿ ಎಳೀತಾರೇನಲೇ?" ಎನ್ನುತ್ತಿದ್ದ.

ಕಳೆದ ಬುಧವಾರ ಹಕ್ಕಿ ಬಳಗದ ತ್ರ್ಯಂಬಕ ಮಾಸ್ತರರು ನಾಲ್ಕು ಜನರೊಂದಿಗೆ ಅವನ ಮನೆಗೇ ಬಂದಿದ್ದರು.

"ಗೌಸೂ, ಐತವಾರ ಹಕ್ಕಿ ಹಬ್ಬ. ಈ ಕೆರಿ ಮುಚ್ಚಿ ಪ್ಲಾಟ್ ಮಾಡೂದೋ ಬ್ಯಾಡೋ ಅಂತ ವರದಿ ಬರಿಯೋ ಮೇಡಮ್ ಬರ್ಲಿಕ್ಹತ್ಯಾರ. ಅವರ ಕಣ್ಣಿಗೆ ಹಕ್ಕಿ ಬಿದ್ರ ಕೆರಿ ಉಳೀತದ. ನಡುವಿನ ಜೊಂಡು ಅಡ್ಡ ಬರ್ತದಪಾ, ತಗದುಬಿಡು."

"ಅದನ್ನ ಕೊಯ್ದ್ರ ಬಾತು ಹಾರಿ ಹೋಗ್ತಾವ್ರೀ ಮಾಸ್ತರ್ರ."

"ಮೂವತ್ತು ವರ್ಷ ಹಕ್ಕಿ ಪುಸ್ತಕ ಓದೇನಿ ನಾ. ನೀ ಎಷ್ಟನೇತ್ತಾ ಓದೀಯೋ?"

ಜತೆಗೆ ಬಂದವರು ನಕ್ಕರು. ಮಾಸ್ತರರೂ ನಕ್ಕರು, ಪ್ರೀತಿಯಿಂದಲೇ. ಆ ನಗುವಿಗೆ ಗೌಸಮೊದ್ದೀನ ಕುಡುಗೋಲು ಕೈಗೆತ್ತಿಕೊಂಡ. ಎರಡು ದಿನ ಎದೆಮಟ್ಟದ ನೀರಲ್ಲಿ ನಿಂತು ಅವನೇ ಕೊಯ್ದ. ಮೊದಲ ದಿನ ಮಧ್ಯಾಹ್ನಕ್ಕೇ ಬಾತುಗಳು ಎದ್ದು ಹೋದವು.

"ಹನ್ನೊಂದಾತ್ರಿ," ಎಂದರು ಮೇಡಮ್. "ಕಂಡದ್ದನ್ನ ಬರೀಬೇಕು ನಾ. ಕಾಣದ್ದನ್ನ ಹ್ಯಾಂಗ ಬರೀಲಿ?"

ಮಾಸ್ತರರು ಬೆವರಿದ್ದರು. "ಗೌಸೂ, ನೀನರ ಹೇಳಪಾ. ಹೋದ ವಾರ ಎಷ್ಟಿದ್ದುವು?"

"ಕಣ್ಣಿಗೆ ನಿಲುಕಲಾರದಷ್ಟು ಇದ್ದುವ್ರಿ, ನಾ ಕೊಯ್ಯೂ ತನಕ." ಅವನ ದನಿ ಏರಿತು. "ಈಗ್ಯಾಕ ಕೇಳ್ತೀರಿ? ಏಳನೇತ್ತಾ ಓದಿದಾಂವನ ಮಾತು ವರದ್ಯಾಗ ಕುಂಡ್ರತೈತೇನ್ರಿ?"

ಮಾಸ್ತರರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಒಂದಾದ್ರೂ ಫೋಟೋ ಅದ ಏನ್ರಿ?" ಮೇಡಮ್ ಮೆತ್ತಗೆ ಕೇಳಿದರು.

ಇರಲಿಲ್ಲ. ಜೊಂಡು ಅಡ್ಡವಿತ್ತಲ್ಲ.

ಮೇಡಮ್ಮರ ಜೀಪು ಏರಿಯಿಂದ ಇಳಿದು, ಧೂಳೆಬ್ಬಿಸಿಕೊಂಡು ಹುಬ್ಬಳ್ಳಿಯ ಕಡೆ ಹೊರಟುಹೋಯಿತು. ಮಕ್ಕಳಿಗೆ ಉಪ್ಪಿಟ್ಟು ಹಂಚಿದರು. ಕೊಯ್ದು ಒಟ್ಟಿದ್ದ ಹಸಿ ಜೊಂಡಿನ ಮೇಲೇ ಅವು ತಟ್ಟೆ ಹಿಡಿದು ಕೂತವು.

"ಅಣ್ಣಾ, ಬಂದ್ವು!" ಮಾನಸಿ ಎಂಬ ಹುಡುಗಿ ಕೊಕ್ಕನ್ನು ಹಣೆಗೇರಿಸಿ ಗೌಸಮೊದ್ದೀನನತ್ತ ಕೂಗಿದಳು.

ಪಡುವಣದಿಂದ ಒಂದು ಹಿಂಡು ಕೆಳಗಿಳಿಯುತ್ತ ಬಂತು. ಕೆರೆಯ ನಡುವೆ ಒಂದು ಸುತ್ತು ಹಾಕಿತು. ನೀರಿಗಿಳಿಯಲಿಲ್ಲ. ಏರಿಯತ್ತ ತಿರುಗಿ, ಒಟ್ಟಿದ ಜೊಂಡಿನ ಮೇಲೆ ಇನ್ನೊಂದು ಸುತ್ತು ಹಾಕಿತು. ಮಕ್ಕಳು ತಟ್ಟೆ ಬಿಟ್ಟು ಎದ್ದು ಚಪ್ಪಾಳೆ ತಟ್ಟಿದವು.

ಹಿಂಡು ಮೇಲೇರಿತು. ಚುಕ್ಕೆಗಳಾಗಿ ಮರೆಯಾದ ಮೇಲೂ ಮಕ್ಕಳು ಚಪ್ಪಾಳೆ ತಟ್ಟುತ್ತಲೇ ಇದ್ದವು.