ತಲೆಯ ಮೇಲಿನ ಹಂಚು

“ಎಷ್ಟು ಸಲ ಕುಂದರಸ್ತೀಯೋ ನನ್ನ? ಈ ಮೊಳಕಾಲೇನು ಕಬ್ಬಿಣದ್ದು ಅಂತ ತಿಳಕೊಂಡೀಯೇನು?”

ಗುರುಪುತ್ರಪ್ಪ ತಲೆಯ ಮೇಲಿನ ಹಂಚನ್ನು ತೆಗೆದು ನೆಲಕ್ಕೆ ಕುಕ್ಕಿದ.

“ಸರಿಯಾಗೂತನಾ ಕುಂದರಬೇಕ್ರಿ,” ಎಂದ ಸಿನಿಮಾ ತೆಗೆಯುತ್ತಿದ್ದ ತಮ್ಮಣ್ಣ. “ರೀಲು ಕಡಿಮಿ ಅದಾವು. ಕ್ಯಾಮೆರಾ ತಿರಗಿತಂದ್ರ ಹೋದ ರೀಲು ಹೊಳ್ಳಿ ಬರೂದಿಲ್ಲ. ಅದಕ್ಕ ತಾಲೀಮು.”

“ನಿನ್ನ ತಾಲೀಮಿಗಿಷ್ಟು ಬೆಂಕಿ ಹಚ್ಚ. ತಪ್ಪು ನಂದಲ್ಲ, ಈ ಬೀರಣ್ಣಂದು. ಒಬ್ಬ ಮನಷ್ಯಾಗ ಬೈಯಾಕ ಬರೂದಿಲ್ಲಂದ್ರ ಏನು ಹೇಳೂದು?”

ಆ ಮಾತು ಮಾತ್ರ ನಿಜ. ಚಿತ್ರದಲ್ಲಿ ಬೀರಣ್ಣ ಹಂಚಿನ ಕಾರ್ಖಾನೆಯ ಮಾಲಕ, ಗುರುಪುತ್ರಪ್ಪ ಕಳ್ಳತನದ ಆರೋಪ ಹೊತ್ತ ಆಳು. ಬದುಕಿನಲ್ಲಿ ಅದು ತಿರುವುಮುರುವು. ಖಾನಾಪುರದ ಈ ಮುಚ್ಚಿದ ಕಾರ್ಖಾನೆ ಗುರುಪುತ್ರಪ್ಪನದೇ. ಬೀರಣ್ಣ ಹರೆಯವನ್ನೆಲ್ಲ ಅವನ ಮಣ್ಣು ಹೊತ್ತು ಕಳೆದವನು. ಹಾಗಾಗಿ ಹಳೆಯ ಧಣಿಯ ಹತ್ತಿರ ಹೋಗುವ ಮೊದಲು ಚಪ್ಪಲಿ ಕಳಚಿಡುತ್ತಿದ್ದ. ತಲೆಯ ಮೇಲೆ ಹಂಚನ್ನು ದೇವರ ಮುಂದೆ ಕಳಸ ಇಟ್ಟಂತೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಿದ್ದ.

“ತಮ್ಮಣ್ಣ ಭಾಯ್,” ಎಂದ ಕ್ಯಾಮೆರಾದ ಮಜೀದ. ಬೆಳಗಾವಿ ಕ್ಯಾಂಪಿನಲ್ಲಿ ಮದುವೆಗಳ ಫೋಟೋ ತೆಗೆಯುವವನು, ಸಿನಿಮಾ ಅವನಿಗೂ ಹೊಸದು. “ಇಂವ ಕಳ್ಳಗ ಶಿಕ್ಷಾ ಕೊಡಾಕತ್ತಾನೋ, ಸ್ವಾಮಿಗೋಳ ಪಾದಪೂಜಿ ಮಾಡಾಕತ್ತಾನೋ?”

ಕಟ್ಟೆಯ ಮೇಲೆ ಕುಳಿತಿದ್ದ ಜನ ನಕ್ಕರು. ಅವರೆಲ್ಲ ಇದೇ ಕಾರ್ಖಾನೆಯಲ್ಲಿ ದುಡಿದವರು. ತಮ್ಮಣ್ಣ ನಗಲಿಲ್ಲ.

“ಇನ್ನೊಮ್ಮೆ,” ಎಂದ.

ಆ ಶಬ್ದ ಅವನ ಬಾಯಿಗೆ ಬೆಲ್ಲವಾಗಿತ್ತು. ಬೀರಣ್ಣ ಹೀಗೇ ತಪ್ಪುತ್ತಿರಲಿ, ಆ ಮೊಳಕಾಲು ಹೀಗೇ ನೆಲಕ್ಕೆ ತಾಗುತ್ತಿರಲಿ ಎಂದು ಅವನ ಒಳಗಿನ ಆಸೆ. ಕ್ಯಾಂಪಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡ, ಹೊಟ್ಟೆ ಬಂದ, ಕನ್ನಡಕದ ಈ ತಮ್ಮಣ್ಣ ಒಂದು ಕಾಲಕ್ಕೆ ಇದೇ ಅಂಗಳದಲ್ಲಿ ‘ತಮ್ಮಾ’ ಎಂಬ ಕಡ್ಡಿಯಂಥ ಹುಡುಗನಾಗಿ ಮಣ್ಣು ತುಳಿದಿದ್ದ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತುವ ಹಿತ್ತಾಳೆಯ ಅಚ್ಚು ಒಂದು ದಿನ ಕಾಣೆಯಾಯಿತು. ಹೊರ ಊರಿನವನು, ಕೇಳುವವರಿಲ್ಲದವನು ಅವನೊಬ್ಬನೇ. ಗುರುಪುತ್ರಪ್ಪ ಅವನನ್ನು ಮೊಳಕಾಲೂರಿಸಿ, ಭಟ್ಟಿಯಿಂದ ಆಗಷ್ಟೇ ತೆಗೆದ ಹಂಚನ್ನು ತಲೆಯ ಮೇಲಿಟ್ಟು ಸಂಜೆಯ ತನಕ ಕೂರಿಸಿದ. ನೆತ್ತಿ ಸುಟ್ಟಿತು. ಆ ಜಾಗದಲ್ಲಿ ಇವತ್ತಿಗೂ ಕೂದಲಿಲ್ಲ. ಮರುದಿನ ಅಚ್ಚು ಮಣ್ಣಿನ ಗುಡ್ಡೆಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಅವನು ಬೆಳಗಾವಿಯ ರೈಲು ಹತ್ತಿದ್ದ.

ಗುರುಪುತ್ರಪ್ಪನಿಗೆ ನಾಟಕದ ಹುಚ್ಚು. ಊರ ನಾಟಕಗಳಲ್ಲಿ ಜೀವಮಾನವೆಲ್ಲ ರಾಜನ ಪಾತ್ರವನ್ನೇ ಹಾಕಿದವನು ಸಿನಿಮಾ ಎಂದೊಡನೆ ತಾನಾಗಿ ಗಾಳಕ್ಕೆ ಬಿದ್ದ. ಚಿತ್ರ ಮುಗಿದ ಮೇಲೆ ಇದೇ ಗೋಡೆಗೆ ಬಿಳಿ ಚಾದರ ಕಟ್ಟಿ ಊರಿಗೆಲ್ಲ ತೋರಿಸಬೇಕು, ಅವನು ಮೊಳಕಾಲೂರಿದ ಹೊತ್ತಿಗೆ ಎದ್ದು ನಿಂತು ತಾನು ಯಾರೆಂದು ಹೇಳಬೇಕು. ಅದಕ್ಕಾಗಿಯೇ ತಮ್ಮಣ್ಣ ಈ ಸಿನಿಮಾಕ್ಕೆ ಇಳಿದಿದ್ದ.

“ತಲಿ ತಗ್ಗಸ್ರಿ. ಇನ್ನೂ ತಗ್ಗಸ್ರಿ,” ಎನ್ನುತ್ತ ಈ ಸಲ ಹಂಚನ್ನು ತಾನೇ ಒತ್ತಿ ಇಟ್ಟ.

ಆದರೆ ಆಗಬಾರದ್ದು ಆಯಿತು. ಗುರುಪುತ್ರಪ್ಪ ಸುಸ್ತಾಗಿದ್ದ. ರಾಜನ ಗತ್ತು ಇಳಿದಿತ್ತು. “ನಾ ತಗೊಂಡಿಲ್ರಿ,” ಎಂದು ಮೆಲ್ಲಗೆ ಅಂದ. ದನಿ ನಡುಗಿತು, ಕಣ್ಣಲ್ಲಿ ನೀರು ಬಂತು. ಕಟ್ಟೆಯ ಮೇಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾರ್ಖಾನೆ ನಡೆಯುವಾಗ ಹಲ್ಲು ಕಡಿದವರಿಗೆ ಅದು ಮುಚ್ಚಿದ ಮೇಲೆ ಮಾಲಕ ದೇವರಂತೆ ಕಾಣತೊಡಗಿದ್ದ.

ಆ ಕಾಲದಲ್ಲಿ ಹಂಚಿಗೆ ಅಚ್ಚು ಒತ್ತುತ್ತಿದ್ದ ಸತ್ಯವ್ವ ಎದ್ದು, ಸೀದಾ ದೃಶ್ಯದ ನಡುವೆ ಬಂದು, ಹೊಸ ಟಾವೆಲ್ಲೊಂದನ್ನು ಗುರುಪುತ್ರಪ್ಪನ ಹೆಗಲಿಗೆ ಹೊದಿಸಿದಳು. “ನಮ್ಮ ಸಾವ್ಕಾರ್ರಿಗೆ ನನ್ನ ಆಯೇರಿ,” ಎಂದಳು.

“ಯವ್ವಾ, ಇದು ನಾಟಕ ಅಲ್ಲ, ಸಿನಿಮಾ. ನಡುವ ಬರಬಾರದು,” ಎಂದು ಮಜೀದ ತಲೆ ಚಚ್ಚಿಕೊಂಡ. ಊರ ನಾಟಕದಲ್ಲಿ ಪಾತ್ರ ಮನಸ್ಸಿಗೆ ಹಿಡಿಸಿದರೆ ಆಟ ನಿಲ್ಲಿಸಿ ನಟನಿಗೆ ಉಡುಗೊರೆ ಕೊಡುವುದು ರೂಢಿ. ಸಿನಿಮಾಕ್ಕೆ ಅದಿಲ್ಲ ಎಂದು ಸತ್ಯವ್ವನಿಗೆ ಯಾರು ಹೇಳಬೇಕು?

ತಮ್ಮಣ್ಣನ ತಲೆಗೆ ಭಟ್ಟಿಯ ಉರಿಯೇ ಏರಿತು. ಚಾದರ, ಊರು, ಕಾದು ಹೇಳಬೇಕಾದ ಮಾತು ಯಾವುದೂ ನೆನಪಾಗಲಿಲ್ಲ.

“ನಾ ಇಲ್ಲಿ ಕುಂತಾಗ ಎಲ್ಲಿ ಹೋಗಿತ್ತಬೇ ನಿನ್ನ ಟಾವೆಲ್ಲು? ಸೆರಗಿನ ಮರಿಗೆ ನಕ್ಕಾಕಿ ನೀನ ಅಲ್ಲೇನು?” ಎಂದು ಬಗ್ಗಿ ತನ್ನ ನೆತ್ತಿ ತೋರಿಸಿದ. “ಮಣ್ಣ ತುಳಿಯೂ ತಮ್ಮಾ ನಾನು. ಅಚ್ಚು ಕದ್ದಾನಂತ ಸುಡೂ ಹಂಚು ಹೊರಿಸಿದ್ದು ಈ ಮನಷ್ಯಾ.”

ಸತ್ಯವ್ವನ ಕೈ ಬಾಯಿಗೆ ಹೋಯಿತು. ಗುರುಪುತ್ರಪ್ಪ ಹಂಚನ್ನು ಕೆಳಗೆ ಕೆಡವಿ ಎದ್ದು, ತಮ್ಮಣ್ಣನನ್ನು ಮೇಲಿಂದ ಕೆಳಗೆ ನೋಡಿದ.

“ಯಾವ ತಮ್ಮಾ? ಇಲ್ಲಿ ಹಂಚು ಹೊತ್ತಾಂವ ನೀ ಒಬ್ಬನ ಏನು? ವಾರಕ್ಕೊಬ್ಬ ಕುಂದರತಿದ್ದ. ಯಾರ್ಯಾರ ಮಾರಿ ನೆನಪಿಡಲಿ?” ಗದ್ದ ಎತ್ತಿ ಬೀರಣ್ಣನನ್ನು ತೋರಿಸಿದ. “ಇವಗೂ ಹೊರಿಸೇನಿ. ಅದಕ್ಕ ಇಂವ ನೆಟ್ಟಗ ದುಡದಾ. ಇವರೆಲ್ಲಾ ಹಂಗ ದುಡದವ್ರ.”

ಬೀರಣ್ಣ ಬಿದ್ದ ಹಂಚನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ.

“ನಮ್ಮ ಮನಿಯವರಿಗೂ ಹೊರಸಿದ್ರಿ,” ಎಂದಳು ಸತ್ಯವ್ವ. “ಜ್ವರದಾಗ ಬಂದಿದ್ರು ಅವತ್ತು.” ಮತ್ತೆ ಹತ್ತಿರ ಹೋಗಿ ಟಾವೆಲ್ಲಿನ ಚುಂಗು ಹಿಡಿದು ಎಳೆದುಕೊಂಡಳು. ಎಂಥ ಕೆಟ್ಟ ನಟನಿಂದಲೂ ಆ ಊರಲ್ಲಿ ಕೊಟ್ಟ ಆಯೇರಿ ಹಿಂದಕ್ಕೆ ಪಡೆದವರಿರಲಿಲ್ಲ.

ತಮ್ಮಣ್ಣ ಮಜೀದನತ್ತ ಕೈ ಮಾಡಿದ. ಕ್ಯಾಮೆರಾ ಮೊದಲ ಸಲ ಗಿರ್ರೆಂದಿತು.

ಬೀರಣ್ಣ ಚಪ್ಪಲಿ ಮೆಟ್ಟಿಕೊಂಡ. ಹಾಗೇ ನಡೆದುಬಂದು ಧಣಿಯ ಮುಂದೆ ನಿಂತು ಹಂಚು ಚಾಚಿದ. “ಹೂಂ, ಕುಂದರು,” ಎಂದ.

ಗುರುಪುತ್ರಪ್ಪ ಕಟ್ಟೆಯ ಕಡೆ ನೋಡಿದ. ಒಬ್ಬರಾದರೂ ಬೀರಣ್ಣನನ್ನು ಗದರಿಸಿಯಾರು ಎಂದು ಕಾದಂತಿತ್ತು. ಎಲ್ಲರೂ ಬೀರಣ್ಣನ ಕೈಯನ್ನೇ ನೋಡುತ್ತಿದ್ದರು. ಕಳ್ಳನ ಪಾತ್ರದ ಹರಕು ಧೋತರದಲ್ಲೇ, ಬರಿಗಾಲಲ್ಲಿ, ಅವನು ಅಂಗಳ ದಾಟಿ ಗೇಟಿನಾಚೆ ಹೋದ.

ಅವನ ರೇಶ್ಮೆ ಜುಬ್ಬ ಗೂಟಕ್ಕೆ ತೂಗುತ್ತಿತ್ತು, ಕೆಳಗೆ ಕಾಲಿನ ಜೋಡು. ಕಳಿಸಿ ಕೊಡೋಣ ಎಂದು ಮಜೀದ ಕೈ ಹಾಕಿದ.

“ಮುಟ್ಟಬ್ಯಾಡ,” ಎಂದ ತಮ್ಮಣ್ಣ. “ಅಲ್ಲೇ ತೂಗಾಡಲಿ.”

ಮುಂದಿನ ರವಿವಾರ ಸಿನಿಮಾದ ಕೆಲಸಕ್ಕೆ ಎಲ್ಲರೂ ಬಂದರು. ಜುಬ್ಬ ಅಲ್ಲೇ ಇತ್ತು. ಗುರುಪುತ್ರಪ್ಪ ಬರಲಿಲ್ಲ, ಆಮೇಲೂ ಬರಲಿಲ್ಲ.